ಆಮದಾದ ಮನುಷ್ಯ

‘ಇಂಪೋರ್ಟ್’ ಎಂದರೆ ನಮಗೆ ನೆನಪಾಗುವುದು ತಾಳೆ ಎಣ್ಣೆ, ತೊಗರಿಬೇಳೆ, ಪೆಟ್ರೋಲು. ಫಿಲಿಪೀನ್ಸ್ ದೇಶದ ಬ್ಯಾಸ್ಕೆಟ್‌ಬಾಲ್ ಪ್ರಿಯರಿಗೆ ಆ ಮಾತಿನ ಅರ್ಥ ಒಬ್ಬ ಮನುಷ್ಯ.

ಅಲ್ಲಿಯ ವೃತ್ತಿಪರ ಲೀಗು ಪಿ.ಬಿ.ಎ. ಶುರುವಾದದ್ದು 1975ರಲ್ಲಿ, ಏಷ್ಯಾದಲ್ಲೇ ಮೊದಲನೆಯದಾಗಿ. ತಂಡಗಳಿಗೆ ಊರಿನ ಹೆಸರಿಲ್ಲ, ಕಂಪನಿಗಳ ಹೆಸರು. ಒಂದು ಬಿಯರಿನದು, ಒಂದು ಜಿನ್ನಿನದು, ಇನ್ನೊಂದು ವಿದ್ಯುತ್ ಪೂರೈಸುವ ಕಂಪನಿಯದು. ಸಾಮಾನ್ಯವಾಗಿ ವರ್ಷಕ್ಕೆ ಮೂರು ಪಂದ್ಯಾವಳಿ. ಒಂದರಲ್ಲಿ ಸ್ವದೇಶಿಯರು ಮಾತ್ರ. ಉಳಿದವುಗಳಲ್ಲಿ ತಂಡಕ್ಕೊಬ್ಬ ಹೊರಗಿನವನು, ಹೆಚ್ಚಾಗಿ ಅಮೆರಿಕದವನು. ಅವನೇ ಇಂಪೋರ್ಟ್. ಆಡುವ ಮೊದಲು ಅವನ ಎತ್ತರ ಅಳೆಯುತ್ತಾರೆ. ಒಂದು ಪಂದ್ಯಾವಳಿಯಲ್ಲಿ ಕೆಲವು ವರ್ಷ ಆರಡಿ ಐದು ಅಂಗುಲ ಮೀರುವಂತಿರಲಿಲ್ಲ. ಹೆಣ್ಣು ನೋಡಲು ಬಂದವರು ಎತ್ತರ ವಿಚಾರಿಸುವುದು ನೆನಪಾಗಿ ನನಗೆ ನಗು ಬಂತು. ನಮ್ಮಲ್ಲಿ ಟೇಪು ಮಾತ್ರ ತರುವುದಿಲ್ಲ. ನಾಲ್ಕಾರು ಆಟ ಸೋತರೆ ಅವನನ್ನು ಕಳಿಸಿ ಇನ್ನೊಬ್ಬನನ್ನು ಕರೆಸುತ್ತಾರೆ. ಒಂದೇ ಪಂದ್ಯಾವಳಿಯಲ್ಲಿ ಮೂವರು ಬಂದು ಹೋದದ್ದೂ ಉಂಟು.

ನನ್ನ ತಂಗಿಯ ಮಗಳು ಅಲ್ಲಿಯ ದಾವಾವ್ ನಗರದಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ. ಒಮ್ಮೆ ಫೋನಿನಲ್ಲಿ, “ದೊಡ್ಡಮ್ಮಾ, ನಮ್ಮ ಮನೆ ಓನರ್ ಆಂಟಿ ಟಿ.ವಿ. ಮುಂದೆ ಕೂತು, ಈ ಇಂಪೋರ್ಟ್ ಪ್ರಯೋಜನವಿಲ್ಲ, ನಾಳೆಯೇ ವಿಮಾನ ಹತ್ತಿಸಿ ಅಂತ ಕೂಗ್ತಿದ್ರು” ಎಂದು ನಕ್ಕಳು. ಆ ಹೆಂಗಸಿನ ಮಗಳು ಹಾಂಕಾಂಗಿನಲ್ಲಿ ಯಾರದೋ ಮನೆಯ ಮಗುವನ್ನು ನೋಡಿಕೊಳ್ಳುತ್ತಾಳಂತೆ. ಎರಡು ವರ್ಷದ ಕರಾರು. ಅವಳ ಸ್ವಂತ ಮಗು ಅಜ್ಜಿಯ ತೊಡೆಯ ಮೇಲೆ ಕೂತು ಅದೇ ಆಟ ನೋಡುತ್ತಿತ್ತು.

ನಾನು ನಗಲಿಲ್ಲ. ದಾದಿಯರನ್ನು, ಮನೆಗೆಲಸದವರನ್ನು, ಹಡಗಿನ ಕೆಲಸಗಾರರನ್ನು ಲಕ್ಷಗಟ್ಟಲೆಯಲ್ಲಿ ಹೊರಗೆ ಕಳಿಸುವ ದೇಶ ಅದು. ನಮ್ಮ ಕರಾವಳಿಯಿಂದಲೂ ದಾದಿಯರು ಕೊಲ್ಲಿ ದೇಶಗಳಿಗೆ ಹೋಗುತ್ತಾರೆ. ಹೋದ ಮಗಳನ್ನು ಅಲ್ಲಿಯವರು ಹೆಸರು ಹಿಡಿದು ಕರೆಯಲಿ, ಜ್ವರ ಬಂದರೆ ವಿಚಾರಿಸಲಿ ಎಂದು ಹರಕೆ ಹೊರುತ್ತೇವೆ. ನಮ್ಮಲ್ಲಿಗೆ ಬಂದವನ ವಿಷಯಕ್ಕೆ ಮಾತ್ರ ಲೆಕ್ಕ ಅಂಕಗಳದ್ದೇ ಆಗಿಬಿಡುತ್ತದೆ.

ಸ್ಟಾಫ್ ರೂಮಿನಲ್ಲಿ ಈ ಮಾತೆತ್ತಿದಾಗ ಗಣಿತದ ಮೇಡಂ ಒಪ್ಪಲಿಲ್ಲ. “ಅವನೇನು ಅನಾಥನೇ? ಕೈತುಂಬ ದುಡ್ಡು, ತಿಳಿದೇ ಬಂದಿದ್ದಾನೆ” ಎಂದರು. ಮಾತು ನ್ಯಾಯವಾದದ್ದೇ. ಆಟಗಾರನನ್ನೂ ಮನೆಗೆಲಸದ ಹುಡುಗಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆತನೂ ಮುಂದಿನ ದೇಶದ ಕರಾರನ್ನು ಜೇಬಿನಲ್ಲಿಟ್ಟುಕೊಂಡೇ ಆಡುತ್ತಿರಬಹುದು. ಆದರೆ ಎರಡೂ ಕಡೆಯವರು ಹೀಗೆ ಹೊರಡುವ ದಿನವನ್ನೇ ನೋಡುತ್ತಿದ್ದರೆ ನಡುವಿನ ದಿನಗಳಲ್ಲಿ ಅವರು ಒಬ್ಬರಿಗೊಬ್ಬರು ಏನಾಗಿರುತ್ತಾರೆ? ಸಂಬಳ ಚುಕ್ತಾ ಆದೊಡನೆ ಋಣವೂ ಚುಕ್ತಾ ಆಗುತ್ತದೆಯೇ? ಇದಕ್ಕೆ ಗಣಿತದಲ್ಲಿ ಉತ್ತರವಿದ್ದಂತಿಲ್ಲ.

ಉಳಿದುಹೋದವರೂ ಇದ್ದಾರೆ. ನಾರ್ಮನ್ ಬ್ಲ್ಯಾಕ್ 1980ರ ದಶಕದ ಆರಂಭದಲ್ಲಿ ಆಟಗಾರನಾಗಿ ಬಂದವರು ಅಲ್ಲೇ ತರಬೇತುದಾರರಾದರು. 1989ರಲ್ಲಿ ಅವರ ತಂಡ ವರ್ಷದ ಮೂರೂ ಪ್ರಶಸ್ತಿ ಗೆದ್ದಿತು. ಬಾಬಿ ಪಾರ್ಕ್ಸ್ ಏಳು ಬಾರಿ ಅತ್ಯುತ್ತಮ ಇಂಪೋರ್ಟ್ ಎನಿಸಿಕೊಂಡವರು. ಅವರ ಮಗ ಫಿಲಿಪೀನ್ಸಿನ ರಾಷ್ಟ್ರೀಯ ತಂಡಕ್ಕೇ ಆಡಿದ.

ಎಲ್ಲರ ಬಾಯಲ್ಲಿರುವ ಹೆಸರು ಜಸ್ಟಿನ್ ಬ್ರೌನ್ಲಿಯದು. 2016ರಲ್ಲಿ ಗಿನೆಬ್ರಾ ತಂಡಕ್ಕೆ ಆಡಲು ಬಂದ ಅವರು ಆ ಪಂದ್ಯಾವಳಿಯ ಕೊನೆಯ ಆಟದ ಕೊನೆಯ ಗಳಿಗೆಯಲ್ಲಿ ದೂರದಿಂದ ಚೆಂಡೆಸೆದು, ಎಂಟು ವರ್ಷ ಕಾದಿದ್ದ ತಂಡಕ್ಕೆ ಪ್ರಶಸ್ತಿ ತಂದರು. ಮತ್ತೆ ಮತ್ತೆ ಬಂದರು. 2023ರ ಜನವರಿಯಲ್ಲಿ ವಿಶೇಷ ಕಾನೂನು ಮಾಡಿ ಅವರಿಗೆ ಪೌರತ್ವ ಕೊಟ್ಟರು. ಅದೇ ವರ್ಷ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಫಿಲಿಪೀನ್ಸ್ 1962ರ ನಂತರ ಮೊದಲ ಬಾರಿಗೆ ಬ್ಯಾಸ್ಕೆಟ್‌ಬಾಲ್ ಚಿನ್ನ ಗೆದ್ದಿತು.

ಓದುತ್ತಾ ನನಗೂ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಆದರೂ ಒಂದು ಅನುಮಾನ ಕಾಡುತ್ತದೆ. ಆ ಚೆಂಡು ಬಳೆಯ ಅಂಚಿಗೆ ತಗಲಿ ಹೊರಗೆ ಬಿದ್ದಿದ್ದರೆ? ಮನುಷ್ಯ ಅವರೇ, ಪಟ್ಟ ಶ್ರಮವೂ ಅಷ್ಟೇ. ಸೊಸೆಗೆ ಗಂಡುಮಗು ಹುಟ್ಟಿದ ಮೇಲೆ ಅವಳು ‘ನಮ್ಮವಳು’ ಆಗುವ ಮನೆಗಳನ್ನು ನಾವೆಲ್ಲ ಕಂಡವರೇ.

ಬ್ರೌನ್ಲಿ ಬಂದದ್ದೂ ಇನ್ನೊಬ್ಬರ ಜಾಗಕ್ಕೆ. ಅವರ ಹೆಸರು ಪಾಲ್ ಹ್ಯಾರಿಸ್. ಮೊದಲ ಆಟದಲ್ಲೇ ಹೆಬ್ಬೆರಳಿಗೆ ಪೆಟ್ಟಾಗಿತ್ತು.