ಹಿಂದಿನ ಬಲಗಾಲಿ

“ಇಡೀ ಕಾರು ನೀನ ಮಾಡ್ತೀಯೇನ, ತಮ್ಮಾ?”

2011ರಲ್ಲಿ ಕೊಟ್ಟೂರೇಶ್ವರನ ತೇರಿಗೆಂದು ಊರಿಗೆ ಬಂದಾಗ ಅಪ್ಪ ಕೇಳಿದ. ಅಪ್ಪ ಬಡಿಗ. ಜಾಲಿ ಮರ ಆರಿಸುವುದರಿಂದ ಹಿಡಿದು ಕಂಬಾರನ ಜೊತೆ ನಿಂತು ಹಳಿ ಕಟ್ಟಿಸುವವರೆಗೆ ಬಂಡಿಯ ಗಾಲಿ ಅವನ ಕಣ್ಣ ಮುಂದೆಯೇ ಆಗಬೇಕು. ನಾನು ಬಿಡದಿಯ ಟೊಯೋಟಾದಲ್ಲಿ ಮೂರು ವರ್ಷ ತರಬೇತಿ ಮುಗಿಸಿ, ಎಟಿಯೋಸ್ ಲೈನಿನಲ್ಲಿ ಹಿಂದಿನ ಬಲಗಾಲಿ ಕೂರಿಸುತ್ತಿದ್ದೆ. ನಾಲ್ಕು ನಟ್ಟು. ಅಷ್ಟೇ ನನ್ನ ಪಾಲು.

“ಅದು ಕೂಲಿ, ಕಾಯಕಲ್ಲ” ಅಂದ.

ಎಟಿಯೋಸ್ ನಮ್ಮ ಮನೆಮಂದಿಗೆಂದೇ ರೂಪಿಸಿದ ಕಾರು. 2010ರ ಡಿಸೆಂಬರಿನಲ್ಲಿ ಬಂತು. ಹಳ್ಳಿಯ ಉಬ್ಬುತಗ್ಗಿಗೆ 170 ಮಿ.ಮೀ. ಎತ್ತರ, ಜಾತ್ರೆಗೆ ಹೊರಟವರ ಗಂಟುಮೂಟೆಗೆ 595 ಲೀಟರಿನ ಡಿಕ್ಕಿ. ಅದನ್ನು ಪೂರ್ತಿ ಮಾಡಿದವನು ಕಾರ್ಖಾನೆಯಲ್ಲಿ ಒಬ್ಬನೂ ಇಲ್ಲ. ಹಾಗಾದರೆ ಅಲ್ಲಿ ಕಾಯಕ ಯಾರದು?

ನನಗೆ ನೆನಪಾದವನು ನುಲಿಯ ಚಂದಯ್ಯ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿದ ಶರಣ. ಆ ಹಗ್ಗ ಯಾರ ಮನೆಯ ಎತ್ತಿಗೆ, ಯಾವ ಬಾವಿಯ ಕೊಡಕ್ಕೆ ಹೋಯಿತೋ ಅವನೇನು ಕಂಡನೇ? ಕಾಣದ ಕೈಗೆ ಸಡಿಲು ಹಗ್ಗ ದಾಟಿಸದಿರುವುದೇ ಅವನ ಪಾಲಿನ ಕಾಯಕ ಎಂದು ನಾನು ತಿಳಿದಿದ್ದೇನೆ.

ಲೈನಿನಲ್ಲೂ ನಮ್ಮ ತಲೆಯ ಮೇಲೆ ಒಂದು ಹಗ್ಗವಿತ್ತು. ತಪ್ಪು ಕಂಡವನು ಎಳೆಯಬೇಕು. ಸರಿಯಾಗದಿದ್ದರೆ ಲೈನೇ ನಿಲ್ಲುತ್ತದೆ. ಒಮ್ಮೆ ನನ್ನ ಕೈಯಲ್ಲೇ ನಟ್ಟು ಅಡ್ಡ ಹತ್ತಿತು. ಮೇಲಿನಿಂದ ನೋಡಿದರೆ ಗೊತ್ತಾಗುತ್ತಿರಲಿಲ್ಲ, ಬೆರಳಿಗೆ ಮಾತ್ರ ಗೊತ್ತಾಯಿತು. ಎಳೆದೆ. ಮೈಯೆಲ್ಲ ಬೆವರಿತ್ತು. ಅವತ್ತು ನಾನು ಕೂಲಿಯವನಾಗಿರಲಿಲ್ಲ.

2017ರ ಫೆಬ್ರುವರಿಯಲ್ಲಿ ಭಕ್ತರು ಎಳೆಯುತ್ತಿದ್ದಾಗಲೇ ಕೊಟ್ಟೂರಿನ ತೇರು ಉರುಳಿತು. ಅಪ್ಪ ಎರಡು ದಿನ ಉಣ್ಣಲಿಲ್ಲ. ಮೂರನೇ ದಿನ ಫೋನು ಮಾಡಿ, ನಾನು ಹಿಂದೆ ಹೇಳಿದ್ದ ಲೈನಿನ ಹಗ್ಗದ ಬಗ್ಗೆ ಕೇಳಿದ: “ನಿಮ್ಮಲ್ಲಿ ಆ ಹಗ್ಗ ಯಾರ ಬೇಕಾದ್ರೂ ಎಳೀಬಹುದಾ?”

“ಹೌದಪ್ಪಾ, ನಿನ್ನೆ ಸೇರಿದವನೂ ಎಳೀಬಹುದು.”

“ಹಂಗಾದ್ರ ಅದು ಕಾಯಕನ ಬಿಡು.”

2020ರಲ್ಲಿ ಎಟಿಯೋಸ್ ತಯಾರಿಕೆ ನಿಂತಿತು. ಹರಪನಹಳ್ಳಿ, ಹಡಗಲಿ ಕಡೆ ಬಾಡಿಗೆಗೆ ನಿಂತ ಎಟಿಯೋಸ್ ಕಂಡರೆ ಈಗಲೂ ಹಿಂದಿನ ಬಲಗಾಲಿಯ ಹತ್ತಿರ ಕೂತು ನಾಲ್ಕೂ ನಟ್ಟು ಮುಟ್ಟಿ ನೋಡುತ್ತೇನೆ.