ಚೌಕಾಸಿ ಮಾಡಿದ ಕೈ

ಮೊಣಕಾಲು ಮಡಚಲು ಬಾರದಂತಾದ ಮೇಲೆ ಹಿತ್ತಲು ನನ್ನ ಕೈತಪ್ಪಿತು. 30 ವರ್ಷ ಶಾಲೆಯಿಂದ ಬಂದವಳೇ ಸೀರೆ ಎತ್ತಿ ಕಟ್ಟಿ ಕಳೆ ಕಿತ್ತವಳು ನಾನು. ಈಗ ಕುರ್ಚಿಯಿಂದ ಏಳುವುದೇ ದೊಡ್ಡ ಕೆಲಸ. ಹುಬ್ಬಳ್ಳಿಯಲ್ಲಿರುವ ಮಗ ಒಬ್ಬ ಲ್ಯಾಂಡ್‌ಸ್ಕೇಪ್ ಹುಡುಗನನ್ನು ಧಾರವಾಡದ ಮನೆಗೆ ಕಳಿಸಿದ.

ಹುಡುಗ ಬಲ್ಲವನೇ. ಬಂದವನು ಗಿಡ ನೋಡಲಿಲ್ಲ, ‘ಮಳೆನೀರು ಯಾಕಡೆ ಹರೀತೈತ್ರಿ ಅಕ್ಕೋರ’ ಎಂದು ಕೇಳಿದ. ಅದು ಮನೆಯ ಬುನಾದಿಗೇ ನುಗ್ಗುತ್ತಿತ್ತು. ಇಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಳಿಜಾರು ತಿರುಗಿಸಿ, ಮಣ್ಣಿಗೆ ಮರಳು, ತಿಪ್ಪೆಗೊಬ್ಬರ ಬೆರೆಸಿ, ಮುಂದೆ ಲಾನ್, ಹಿಂದೆ ಕಣಗಿಲೆ, ದಾಸವಾಳ, ಗೋಡೆಯಿಂದ ದೂರಕ್ಕೆ ಒಂದು ಬಿಲ್ವ. 85,000 ರೂಪಾಯಿ ಎಂದ. ನಾನು 70,000ಕ್ಕೆ ಇಳಿಸಿದೆ. ಸಂತೆಯಲ್ಲಿ ಬದನೆಕಾಯಿ ಅಗ್ಗಕ್ಕೆ ಸಿಕ್ಕಷ್ಟು ಖುಷಿಯಾಯಿತು.

ಕೆಲಸ ಶುರುವಾದ ಮೇಲೆ ಒಂದು ಸಂಶಯ ಹಿಡಿಯಿತು. ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವಳು ನಾನು. ನಮ್ಮಲ್ಲಿ ನಡುವೆ ಪೂಜಾರಿ ಇಲ್ಲ. ನಮ್ಮ ಹಸಿವೆಗೆ ಬೇರೆಯವರು ಉಂಡರೆ ಹೇಗೆ ಆಗದೋ, ನಮ್ಮ ಲಿಂಗಪೂಜೆಯನ್ನು ಬೇರೆಯವರು ಮಾಡಿದರೂ ಆಗದು ಎಂಬ ಬಸವಣ್ಣನವರ ಮಾತನ್ನು ಎಷ್ಟೋ ಸಲ ಮಕ್ಕಳಿಗೆ ಪಾಠ ಮಾಡಿದ್ದೇನೆ. ಪೂಜೆಯನ್ನು ಗುತ್ತಿಗೆ ಕೊಡುವಂತಿಲ್ಲ, ಸರಿ. ಪೂಜೆಯ ಹೂವನ್ನು?

ತವರು ನೆನಪಾಯಿತು. ನಸುಕಿನಲ್ಲೇ ಹೂಗಾರ ಕಟ್ಟೆಯ ಮೇಲೆ ಪತ್ರಿ ಇಟ್ಟು ಹೋಗುತ್ತಿದ್ದ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಅಪ್ಪ ಜೋಳ ಅಳೆದು ಕೊಡುತ್ತಿದ್ದ. ಅಪ್ಪ ಒಂದು ಪತ್ರಿಗಿಡವನ್ನೂ ನೆಟ್ಟವನಲ್ಲ, ಆದರೆ ಅವನ ಪೂಜೆಗೆ ಕುಂದು ಬಂದಿರಲಿಲ್ಲ. ಪತ್ರಿ ತರುವುದು ಹೂಗಾರನ ಕಾಯಕ. 12ನೇ ಶತಮಾನದ ಕಲ್ಯಾಣದಲ್ಲೂ ನುಲಿಯ ಚಂದಯ್ಯ ಹಗ್ಗ ಹೊಸೆದ, ಮಡಿವಾಳ ಮಾಚಯ್ಯ ಬಟ್ಟೆ ಒಗೆದ. ಎಲ್ಲರೂ ಎಲ್ಲವನ್ನೂ ಮಾಡಿಕೊಳ್ಳಲಿಲ್ಲ. ಹೂವಿಗೆ ಆಳು ಇಟ್ಟರೆ ತಪ್ಪಿಲ್ಲ ಎಂದು ನಿರಾಳವಾದೆ.

ನಾಲ್ಕನೆಯ ದಿನ ಚಹಾ ಒಯ್ದೆ. ಹುಡುಗ ಮೊದಲು ಬರೆದುಕೊಟ್ಟ ಚೀಟಿಯಲ್ಲಿ ನಾಲ್ಕು ಹೆಣ್ಣಾಳು ಎಂದಿತ್ತು. ಮಣ್ಣು ಹೊರುತ್ತಿದ್ದವರು ಮೂವರು. ‘ಇನ್ನೊಬ್ಬಾಕಿ ಎಲ್ಲೆ?’ ಎಂದೆ.

‘ರೇಟು ಕಮ್ಮಿ ಆತಂತ್ರಿ, ಆಕೀನ ಬಿಡಿಸ್ಯಾರ. ಆಕಿ ಬುಟ್ಟೀನೂ ನಾವ ಹೊರಾಕತ್ತೀವ್ರಿ.’

ಕೈಯಲ್ಲಿನ ಚಹಾ ತಣ್ಣಗಾಯಿತು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದವಳು ಹೆಂಡತಿ ಲಕ್ಕಮ್ಮ. ಆ ಕತೆ ಹೇಳುವಾಗೆಲ್ಲ ನನ್ನ ದನಿ ಏರುತ್ತಿತ್ತು. ನಾನು ಉಳಿಸಿದ 15,000 ಅಂಥದೇ ಹೆಚ್ಚಿನ ಅಕ್ಕಿ. ಮಾರಯ್ಯ ಆಯ್ದದ್ದು ನೆಲಕ್ಕೆ ಚೆಲ್ಲಿದ್ದನ್ನು. ನಾನು ಇನ್ನೊಬ್ಬಳ ಬುಟ್ಟಿಯಿಂದಲೇ ತೆಗೆದಿದ್ದೆ. ಅಪ್ಪ ಅಳೆಯುವಾಗ ಕೊನೆಗೊಂದು ಬೊಗಸೆ ಮೇಲೆ ಹಾಕುತ್ತಿದ್ದ. ಆ ಬೊಗಸೆಯನ್ನು ನಾನು ಮರೆತಿದ್ದೆ.

ಬಿಡಿಸಿದವಳ ಆ ನಾಲ್ಕು ದಿನದ ಕೂಲಿಯನ್ನು ಮೂವರಿಗೆ ಹಂಚಲು ಹೋದೆ. ಹಿರಿಯಾಕೆ ಕೈ ಚಾಚಲಿಲ್ಲ. ‘ಆಕಿ ರೊಕ್ಕ ನಮಗ್ಯಾಕ್ರಿ? ನಾಳೆ ಆಕೀನ ಕೆಲಸಕ್ಕ ಕರಸ್ರಿ.’

ಹುಡುಗನಿಗೆ ಫೋನ್ ಮಾಡಿ, ಮೊದಲು ಹೇಳಿದ ರೇಟೇ ಇರಲಿ ಎಂದೆ. ಮರುದಿನ ನಾಲ್ವರು ಬಂದರು.

ಬಿಲ್ವಕ್ಕೆ ಈಗ ಎಂಟೋ ಹತ್ತೋ ದಳ. ಇವತ್ತು ಒಂದನ್ನು ಕಿತ್ತು ತಂದೆ. ನಾನು ನೆಡದ ಗಿಡದ್ದಾದರೂ ಏರಿಸಬಹುದು, ಆ ಸಂಶಯ ಉಳಿದಿಲ್ಲ. ಆಳು ಬಿಡಿಸಿದವನು ಹುಡುಗ, ನಾನಲ್ಲ ಎಂದುಕೊಳ್ಳಲು ಮಾತ್ರ ಆಗುತ್ತಿಲ್ಲ. ಗಿಡ ನೆಡಲು ಬದಲಿ ಆಳು ಸಿಗುತ್ತಾರೆ. ಚೌಕಾಸಿ ಮಾಡಿದ್ದು ಲಿಂಗ ಹಿಡಿಯುವ ಈ ಅಂಗೈಯೇ.