ರಾಟವಾಳ ಮತ್ತು ಬಿಡುಗಡೆಯ ಪುಣ್ಯ

ರಾಟವಾಳ ಬೆರಳುದ್ದದ ಕಾಳುಗುಬ್ಬಿ. ಕೊಕ್ಕಿನಿಂದ ಬಾಲದವರೆಗೆ 10–12 ಸೆಂ.ಮೀ. ದಾಂಡೇಲಿಯ ಅಂಬೇವಾಡಿಯಂಥ ಕಾಡಂಚಿನ ಊರುಗಳ ಸುತ್ತ, ಹಳಿಯಾಳ–ಮುಂಡಗೋಡದ ಗದ್ದೆಗಳಲ್ಲಿ ಬಿಳಿಬೆನ್ನಿನ ರಾಟವಾಳ, ಚುಕ್ಕೆ ರಾಟವಾಳಗಳು ಗುಂಪುಗುಂಪಾಗಿ ಮೇಯುತ್ತವೆ. ಹುಲ್ಲಿನ ದಂಟಿಗೆ ಜೋತುಬಿದ್ದು, ಹಾಲುಗಾಳನ್ನು ಶಂಕುವಿನಾಕಾರದ ಕೊಕ್ಕಿನಲ್ಲಿ ಹೊರಳಿಸಿ, ಸಿಪ್ಪೆ ಸುಲಿದು ನುಂಗುತ್ತವೆ. ಪೊದೆಯಲ್ಲಿ ಹುಲ್ಲಿನ ಉಂಡೆಯಂಥ ಗೂಡು, ಪಕ್ಕದಲ್ಲಿ ಬಾಗಿಲು, ಒಳಗೆ 5–6 ಬಿಳಿ ಮೊಟ್ಟೆ. ಕಾವು ಕೊಡುವುದು ಗಂಡು ಹೆಣ್ಣು ಎರಡೂ.

ಈ ಸೌಮ್ಯ ಹಕ್ಕಿಯೇ ಒಂದು ಧರ್ಮಪ್ರಶ್ನೆಯ ನಡುವೆ ಸಿಕ್ಕಿಕೊಂಡಿದೆ. ಪಂಜರದ ಹಕ್ಕಿಯನ್ನು ಕೊಂಡು ಹಾರಿಬಿಟ್ಟರೆ ಪುಣ್ಯ ಎಂಬ ನಂಬಿಕೆ ಏಷ್ಯಾದ ಹಲವೆಡೆ ಇದೆ. ಅದಕ್ಕಾಗಿ ಮಾರುವ ಹಕ್ಕಿಗಳಲ್ಲಿ ರಾಟವಾಳಗಳೇ ಹೇರಳ. ಬಿಡಿಸುವವನ ಕರುಣೆ ನಿಜವಾದದ್ದು, ಅನುಮಾನವಿಲ್ಲ. ಆದರೆ ಅವನು ಕೊಟ್ಟ ಹಣವೇ ಮತ್ತೊಂದು ಬಲೆಗೆ ದಾರವಾಗುತ್ತದೆ. ಬಲೆಯಲ್ಲಿ, ಇಕ್ಕಟ್ಟಿನ ಬುಟ್ಟಿಯಲ್ಲಿ ಎಷ್ಟೋ ಹಕ್ಕಿಗಳು ಸಾಯುತ್ತವೆ. ಬದುಕುಳಿದ ಹಕ್ಕಿ ತನ್ನದಲ್ಲದ ಊರಿನ ಆಕಾಶಕ್ಕೆ ಹಾರುತ್ತದೆ. ಭಾವವನ್ನಷ್ಟೇ ತೂಗಿದರೆ ಇದು ದಯೆ, ಫಲವನ್ನೂ ತೂಗಿದರೆ ಹಿಂಸೆ. ಅಹಿಂಸೆಯನ್ನು ವ್ರತವಾಗಿ ನಂಬಿದವರು ಎರಡನ್ನೂ ತೂಗಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಾಟವಾಳವನ್ನು ಹಿಡಿಯುವುದೂ ಮಾರುವುದೂ ಅಪರಾಧ. ಪುಣ್ಯ ಬಯಸುವವರು ಹಕ್ಕಿಯನ್ನು ಕೊಳ್ಳದಿರಲಿ. ಗದ್ದೆಯ ಬದುವಿನಲ್ಲಿ ಒಂದಿಷ್ಟು ಹುಲ್ಲು ತೆನೆಗಟ್ಟಲು ಬಿಡಲಿ.